ಅಟ್ಟದ ಕಿಟಕಿಯಿಂದ ಹದಿನೆಂಟು ಹೆಜ್ಜೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗಳಿಗೇ ಹೆಚ್ಚು ಜಾಗವಿತ್ತು. ಚನ್ನರಾಯಪಟ್ಟಣದ ಪೇಟೆ ಮುಗಿದು ಹಾಸನದ ರಸ್ತೆ ಹಿಡಿಯುವಲ್ಲಿ, ಎರಡು ಹುಣಸೆಮರಗಳ ಹಿಂದೆ ನಿಂತಿದ್ದ ಹೆಂಚಿನ ತೊಟ್ಟಿಮನೆ ಅದು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ, ಒಂದು ಬದಿಗೆ ಅಡಿಗೆಮನೆ, ಅದರ ಮೇಲೆ ಅಟ್ಟ. ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ತೋಟದಿಂದ ಬಂದ ಕಾಯನ್ನು ಅಲ್ಲಿ ಹರವಿದರೆ ಹತ್ತು ಹನ್ನೊಂದು ತಿಂಗಳು ಕೆಳಗಿನ ಒಲೆಯ ಹೊಗೆಯನ್ನೂ ಮೇಲಿನ ಹೆಂಚಿನ ಕಾವನ್ನೂ ಕುಡಿಯುತ್ತ ಒಳಗೊಳಗೇ ಒಣಗುತ್ತದೆ. ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಿ ಉರುಳಾಡತೊಡಗುತ್ತದೆ. ಇಲಿ ಒಂದು ಕಾಯನ್ನು ಅಲುಗಿಸಿದರೆ ಸಾಕು, ಅದರ ಪಕ್ಕದ್ದು, ಅದರಾಚೆಯದ್ದು, ಹೀಗೆ ಸಾಲಿಗೆ ಸಾಲೇ ಲೊಟಲೊಟ ಎನ್ನುತ್ತಿತ್ತು. ನಾವು ಊಟಕ್ಕೆ ಕೂತಾಗ ಆ ಸದ್ದು ತಲೆಯ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಹೋಗುತ್ತಿತ್ತು, ಯಾರೋ ಬರಿಗಾಲಲ್ಲಿ ಕಾಯಿಗಳ ನಡುವೆ ದಾರಿ ಮಾಡಿಕೊಂಡು ನಡೆದ ಹಾಗೆ. ನಾನು ತುತ್ತು ಕೈಯಲ್ಲಿ ಹಿಡಿದು ಮೇಲೆ ನೋಡುತ್ತಿದ್ದೆ. ಅಜ್ಜಿ ಗದರುತ್ತಿದ್ದಳು.

"ಕಾಯಿ ಮಗ್ಗುಲಾಯ್ತವೆ ಕಣೆ. ತಲೆ ತಗ್ಸಿ ಉಣ್ಣು."

ಅಪ್ಪ ಊರ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ತೋಟವಿತ್ತು, ಆದರೆ ಅಪ್ಪನಿಗೆ ಮರಗಳಿಗಿಂತ ಪುಸ್ತಕಗಳ ಗುರುತು ಹೆಚ್ಚು. ಬೆಳಿಗ್ಗೆ ಪಡಸಾಲೆಯ ಮೂಲೆಗಂಬದ ಮೊಳೆಗೆ ಒಂದು ಕನ್ನಡಿ ತೂಗುಹಾಕಿ, ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಒಂದು ಗಾಯವೂ ಆಗದಂತೆ ಕ್ಷೌರ ಮಾಡಿಕೊಳ್ಳುತ್ತಿದ್ದ. ನಮ್ಮ ಬೀದಿಯಲ್ಲಿ ತನ್ನ ಗಡ್ಡ ತಾನೇ ಕೆರೆದುಕೊಳ್ಳುತ್ತಿದ್ದ ಗಂಡಸು ಅಪ್ಪ ಒಬ್ಬನೇ. ಅವನ ತಮ್ಮ ಚಂದ್ರ, ನನ್ನ ಚಿಕ್ಕಪ್ಪ, ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಹಬ್ಬಕ್ಕೆ ಬಂದರೆ ಮನೆ ತುಂಬ ನಗು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿಸಿ, ಖಾರ ಬೂಂದಿ ಕೊಡಿಸಿ ಕರೆತರುತ್ತಿದ್ದ. ಅಣ್ಣತಮ್ಮಂದಿರು ಒಂದೇ ತಟ್ಟೆಯಲ್ಲಿ ಉಂಡದ್ದನ್ನು ನಾನು ಕಂಡಿದ್ದೇನೆ.

ಇಬ್ಬರ ನಡುವೆ ಒಡಕು ಬಂದದ್ದು ಒಂದು ಹೆಣ್ಣಿನ ವಿಷಯದಲ್ಲಿ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಸುಶೀಲ ಎಂಬ ಹುಡುಗಿಯನ್ನು ಚಿಕ್ಕಪ್ಪ ನೋಡಿ ಒಪ್ಪಿದ್ದ. ಅವಳೂ ಒಪ್ಪಿದ್ದಳು. ತಾಂಬೂಲಕ್ಕೆ ದಿನ ಗೊತ್ತು ಮಾಡುವ ಹೊತ್ತಿಗೆ ಅಪ್ಪ ಯಾವುದೋ ಕೆಲಸಕ್ಕೆ ಹಿರೀಸಾವೆಗೆ ಹೋದವನು ಬಸ್ಸು ಕಾಯುತ್ತ ಹೋಟೆಲಿನಲ್ಲಿ ಕೂತಿದ್ದನಂತೆ. ಪಕ್ಕದ ಬೆಂಚಿನಲ್ಲಿದ್ದ ಅಪರಿಚಿತನೊಬ್ಬ ಮಾತಿಗೆ ಮಾತು ಬಂದು, ಮಲ್ಲಿಪಟ್ಟಣದ ಆ ಮನೆಯ ಹೆಣ್ಣುಮಕ್ಕಳಿಗೆ ಮೂರ್ಛೆ ರೋಗ ಎಂದನಂತೆ. ಅಪ್ಪ ಮನೆಗೆ ಬಂದು ಯಾರನ್ನೂ ಕೇಳದೆ ಒಂದು ಕಾರ್ಡು ಬರೆದು ಸಂಬಂಧ ಬೇಡವೆಂದುಬಿಟ್ಟ. ಹುಡುಗಿಯನ್ನು ಹೊಳೆನರಸೀಪುರದ ಕಡೆ, ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟರು. ವರ್ಷ ತುಂಬುವುದರೊಳಗೆ ಹೆರಿಗೆಯಲ್ಲಿ ತಾಯಿಮಗು ಎರಡೂ ಹೋದವು. ಆಮೇಲೆ ತಿಳಿಯಿತು, ಮೂರ್ಛೆ ರೋಗವಿದ್ದದ್ದು ಅದೇ ಬೀದಿಯ ಬೇರೆ ಮನೆಯವರಿಗೆ.

ಸಾವಿನ ಸುದ್ದಿ ಕಾಫಿ ತೋಟಕ್ಕೆ ಮುಟ್ಟಿದ ಮೂರನೆಯ ದಿನ ಚಿಕ್ಕಪ್ಪ ಒಂದು ಟ್ರಂಕು, ಕಂಬಳಿಯಲ್ಲಿ ಸುತ್ತಿದ ಉದ್ದನೆಯದೊಂದು ಗಂಟು ಹಿಡಿದು ಮನೆಗೆ ಬಂದ. ಕೆಲಸ ಬಿಟ್ಟು ಬಂದಿದ್ದ. ಜಗಲಿಯಲ್ಲಿ ನಿಂತಿದ್ದ ಅಪ್ಪನ ಮುಂದೆಯೇ ಹಾದು ಒಳಗೆ ಹೋದ. ಅಡಿಗೆಮನೆಯ ಏಣಿ ಹತ್ತಿ, ಒಂದು ಮೂಲೆಯ ಕಾಯನ್ನು ಆಚೆ ತಳ್ಳಿ, ಚಾಪೆ ಹಾಸಿಕೊಂಡ. ಆವತ್ತಿನಿಂದ ಅಟ್ಟವೇ ಅವನ ಮನೆ. ಸ್ನಾನಕ್ಕೆ, ಹೊರಕಡೆಗೆ ಮಾತ್ರ ಇಳಿಯುತ್ತಿದ್ದ. ಅಪ್ಪನೊಡನೆ ಒಂದು ಮಾತಿಲ್ಲ. ಅವ್ವ ಮುದ್ದೆ ಸಾರು ತಟ್ಟೆಗೆ ಹಾಕಿ ನನ್ನ ಕೈಗೆ ಕೊಡುವಳು, ನಾನು ಏಣಿ ಹತ್ತಿ ಕೊಡುವೆ. ಅಪ್ಪನಿಗೆ ಏನಾದರೂ ಹೇಳಬೇಕೆನಿಸಿದರೆ ತಟ್ಟೆ ಹಿಡಿದ ನನಗೆ ಹೇಳುತ್ತಿದ್ದ.

"ಜಯಿ, ನಿನ್ ಚಿಕ್ಕಪ್ಪಂಗೆ ಯೋಳು, ಮ್ಯಾಲೆ ಸೆಕೆ ಜಾಸ್ತಿ, ಕೆಳಗಿನ ಕೋಣೆ ಖಾಲಿ ಐತೆ ಅಂತ."

ನಾನು ಹೋಗಿ ಹೇಳುತ್ತಿದ್ದೆ. ಚಿಕ್ಕಪ್ಪ ಕೇಳಿಸಿಕೊಂಡು ಮುದ್ದೆ ಮುರಿಯುತ್ತಿದ್ದ. ಖಾಲಿ ತಟ್ಟೆ ಹಿಡಿದು ನಾನು ಇಳಿಯುವುದನ್ನು ಅಪ್ಪ ಏಣಿಯ ಬುಡದಲ್ಲಿ ನಿಂತು ಕಾಯುತ್ತಿದ್ದ.

ಕಂಬಳಿಯ ಗಂಟಿನಲ್ಲಿದ್ದದ್ದು ಏರ್‌ಗನ್ನು. ತೋಟ ಮಾರಿ ತನ್ನ ದೇಶಕ್ಕೆ ಹೊರಟ ಬಿಳಿಯ ದೊರೆ ಹೋಗುವಾಗ ಕೊಟ್ಟದ್ದಂತೆ. ಅದರ ಜೊತೆಗೆ ಮೇಲೆ ಕೂರಿಸುವ ಒಂದು ದುರ್ಬೀನು, ಮೊಳದುದ್ದದ ಕರಿಯ ಕೊಳವೆ. ಅಟ್ಟದಲ್ಲಿ ಇಲಿಯ ಕಾಟವೂ ಇತ್ತು, ಹಾಗಾಗಿ ಕೋವಿ ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಆಟದ ಸಾಮಾನೆಂದು ಅವ್ವ ತಿಳಿದಿದ್ದಳು. ಅದು ಆಟದ್ದಲ್ಲ. ಎಳನೀರಿನ ಬುರುಡೆಯೊಂದನ್ನು ಹಿತ್ತಿಲ ಬೇಲಿಯ ಮೇಲಿಟ್ಟು ಚಿಕ್ಕಪ್ಪ ಒಮ್ಮೆ ಹೊಡೆದಿದ್ದ. ಮಟ್ಟೆಯನ್ನೂ ಎಳೆಯ ಚಿಪ್ಪನ್ನೂ ತೂತು ಮಾಡಿಕೊಂಡು ಸೀಸದ ಗುಂಡು ಒಳಗೆ ಹೋಗಿತ್ತು. ತೂತಿನಿಂದ ನೀರು ಸಣ್ಣಗೆ ಸುರಿಯುವುದನ್ನು ನಾವಿಬ್ಬರೂ ನಿಂತು ನೋಡಿದ್ದೆವು.

ಆಗ ನನಗೆ ಹತ್ತು ಹನ್ನೊಂದು ವರ್ಷವಿರಬೇಕು. ಬೇಸಿಗೆ ರಜೆಯಿನ್ನೂ ಶುರುವಾಗಿರಲಿಲ್ಲ, ನಮಗೆ ಬೆಳಗಿನ ಸ್ಕೂಲು, ಅಪ್ಪ ಮಾತ್ರ ಪರೀಕ್ಷೆಯ ಪೇಪರು ತಿದ್ದಲು ಸಂಜೆಯವರೆಗೆ ಅಲ್ಲೇ ಇರುತ್ತಿದ್ದ. ಅವ್ವ ತೋಟಕ್ಕೆ ಹೋಗುವಳು. ಅಜ್ಜಿ ಊಟ ಮುಗಿಸಿ ಮಲಗುವಳು. ಅಂಥ ಒಂದು ಮಧ್ಯಾಹ್ನ ಚಿಕ್ಕಪ್ಪ ಅಟ್ಟದ ಕಿಟಕಿಯಿಂದ ಕೂಗಿದ. ಆ ಕಿಟಕಿ ಎರಡು ಗೇಣು ಅಗಲದ್ದು, ತೊಟ್ಟಿಯ ಕಡೆಗೆ ತೆರೆದಿತ್ತು.

"ಜಯಿ, ಒಂದು ಕೆಲ್ಸ ಮಾಡು ಮಗ. ಮೂಲೆಗಂಬಕ್ಕೆ ಆ ಹಳೇ ಹಲಗೆ ತೂಗಾಕು. ಮೊಳೆ ಐತಲ್ಲ, ಅದಕ್ಕೇಯ. ಮೊಳೆಯಿಂದ ಒಂದು ಗೇಣು ಕೆಳಕ್ಕೆ ಸುಣ್ಣದಲ್ಲಿ ಬೊಟ್ಟು ಇಡು."

ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣ ತಂದು ಹಲಗೆಗೆ ಬೊಟ್ಟಿಟ್ಟೆ. ಕಿಟಕಿಯ ನೇರ ಕೆಳಗಿನಿಂದ ಕಂಬದವರೆಗೆ ಹೆಜ್ಜೆ ಹಾಕಿ ಎಣಿಸಲು ಹೇಳಿದ. ನನ್ನ ಹೆಜ್ಜೆಯಲ್ಲಿ ಹದಿನೆಂಟು. ಆಮೇಲೆ ಕಂಬದಿಂದ ದೂರ, ಗೋಡೆಯ ಮರೆಯಲ್ಲಿ ನಿಂತುಕೊಳ್ಳಲು ಹೇಳಿದ. ಕಿಟಕಿಯಲ್ಲಿ ರಾಗಿ ಹೊಟ್ಟು ತುಂಬಿದ ಚೀಲ, ಅದರ ಮೇಲೆ ಕೋವಿ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಒಂದು ಸದ್ದು, ಹಲಗೆಯಲ್ಲಿ ಟಕ್ ಎಂದು ಇನ್ನೊಂದು. ಮೂರು ಸಲ ಹೊಡೆದು "ಈಗ ಹೋಗಿ ನೋಡು" ಎಂದ.

ಮೂರೂ ಗುಂಡು ಬೊಟ್ಟಿನಿಂದ ಎಡಕ್ಕೆ ನಾಲ್ಕು ಬೆರಳು, ಕೆಳಕ್ಕೆ ಎರಡು ಬೆರಳು ದೂರದಲ್ಲಿ ಹಲಗೆಯನ್ನು ಕಚ್ಚಿದ್ದವು. ನಾನು ಬೆರಳಿಟ್ಟು ಅಳೆದು ಹೇಳಿದೆ. ಅವನು ನನ್ನನ್ನು ಮೇಲೆ ಕರೆದು ತೋರಿಸಿದ. ದುರ್ಬೀನಿನ ಮೇಲ್ಗಡೆ ಒಂದು, ಪಕ್ಕದಲ್ಲಿ ಒಂದು ಹಿತ್ತಾಳೆಯ ಪುಟ್ಟ ಮುಚ್ಚಳ. ಬಿಚ್ಚಿದರೆ ಒಳಗೆ ತಿರುಪು. ಮೇಲಿನದು ಗುಂಡನ್ನು ಏರಿಸುವುದಕ್ಕೆ ಇಳಿಸುವುದಕ್ಕೆ, ಪಕ್ಕದ್ದು ಎಡಕ್ಕೆ ಬಲಕ್ಕೆ ಸರಿಸುವುದಕ್ಕೆ.

"ಕಣ್ಣು ಒಂದು ಕಡೆ ನೋಡ್ತದೆ, ಗುಂಡು ಇನ್ನೊಂದು ಕಡೆ ಓಯ್ತದೆ. ಎರಡನ್ನೂ ಒಂದೇ ಜಾಗಕ್ಕೆ ತರಬೇಕು ಕಣ್ ಮಗ. ಆಟೇಯ ಇದ್ರ ಕೆಲ್ಸ."

"ಒಂದೇ ಗುಂಡು ಹೊಡುದ್ರೆ ಸಾಲ್ದಾ?"

"ಒಂದನ್ನ ನಂಬಕ್ಕಾಗಲ್ಲ. ಕೈ ನಡುಗಿರ್ತದೆ. ಮೂರೂ ಒಂದೇ ಕಡೆ ಬಿದ್ರೆ, ಕೋವಿ ಮಾತು ನಿಜ."

ಹೊಸದಾಗಿ ಬಂದಿದ್ದ ಒಂದು ನಯಾಪೈಸೆಯ ಅಂಚನ್ನು ತಿರುಪಿನ ಗೀರಿಗೆ ಸಿಕ್ಕಿಸಿ ಚೂರು ತಿರುಗಿಸಿದ. ಮತ್ತೆ ಮೂರು. ನಾನು ಓಡಿಹೋಗಿ ಅಳೆದು ಕೂಗುವುದು, ಅವನು ತಿರುಗಿಸುವುದು. ಹೊಡೆದಾಗಲೆಲ್ಲ ಕೋವಿ ಅದುರಿ ದುರ್ಬೀನು ಹಿಂದಕ್ಕೆ ಜಾರುತ್ತಿತ್ತು. ಎರಡನೆಯ ದಿನ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ದುರ್ಬೀನನ್ನು ಕೋವಿಗೆ ಕಚ್ಚಿಸುವ ಹಿಡಿಕೆಯೊಳಗೆ ತುರುಕಿ ಬಿಗಿ ಮಾಡಿದ. ಮೂರನೆಯ ಮಧ್ಯಾಹ್ನ ನಾನು ಹಲಗೆಯ ಹತ್ತಿರ ಹೋದಾಗ ಬೊಟ್ಟು ಇದ್ದಲ್ಲಿ ಒಂದೇ ತೂತಿತ್ತು. ಮೂರು ಗುಂಡೂ ಅದರೊಳಗೇ ಹೋಗಿದ್ದವು. ಇಡೀ ಬಿಳಿ ಬೊಟ್ಟು ಮಾಯವಾಗಿತ್ತು. ನಾನು ಕುಣಿದೆ. ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಾಗಲೂ ನನಗೆ ಅಂಥ ಹೆಮ್ಮೆ ಆಗಿರಲಿಲ್ಲ.

ಹೇಳಲು ಏಣಿ ಹತ್ತಿದೆ. ತಲೆ ಅಟ್ಟದ ಮಟ್ಟಕ್ಕೆ ಬಂದಾಗ ಚಿಕ್ಕಪ್ಪನ ಮಾತು ಕೇಳಿಸಿತು. ಅವನು ಕಿಟಕಿಗೆ ಬೆನ್ನು ಮಾಡಿ ಕಾಯಿರಾಶಿಯ ಕತ್ತಲ ಕಡೆ ತಿರುಗಿ ಕೂತಿದ್ದ.

"ಈಗ ಸರಿಯಾಯ್ತಾ?"

ಉತ್ತರಕ್ಕೆ ಕಾಯುವವರು ತಲೆಯನ್ನು ತುಸು ಓರೆ ಮಾಡುತ್ತಾರಲ್ಲ, ಹಾಗೆ ತಲೆ ಓರೆ ಮಾಡಿದ್ದ. ಆ ಮೂಲೆಯಲ್ಲಿ ಒಂದು ಕಾಯಿ ಲೊಟಕ್ ಎಂದಿತು. ಚಿಕ್ಕಪ್ಪ ತಲೆಯಾಡಿಸಿ ಮುಗುಳ್ನಕ್ಕ. ಸದ್ದಾಗದಂತೆ ಒಂದೊಂದೇ ಮೆಟ್ಟಿಲು ಇಳಿದೆ. ಬೇಸಿಗೆಯ ನಡುಹಗಲು, ತೊಟ್ಟಿಯಲ್ಲಿ ಕಣ್ಣು ಬಿಡಲಾಗದ ಬಿಸಿಲು, ಆದರೂ ಅಜ್ಜಿಯ ಮಗ್ಗುಲಲ್ಲಿ ಹೋಗಿ ಮಲಗಿ ಅವಳ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಸಂಜೆ ಚಿಕ್ಕಪ್ಪ ನನ್ನನ್ನು ಕರೆದು, ಮುಚ್ಚಳ ಎರಡೂ ಹಾಕಿದ್ದೇನೆ, ಇನ್ನು ಇದನ್ನು ಯಾರೂ ಮುಟ್ಟಕೂಡದು ಎಂದ. ಹಲಗೆ ತೆಗೆದು ಸೌದೆಗೆ ಹಾಕಿದೆವು.

ಆಮೇಲೆ ಕೋವಿಯ ಸದ್ದೇ ಇಲ್ಲ. ಇಲಿಗಳು ಮೊದಲಿನಂತೆಯೇ ಓಡಾಡುತ್ತಿದ್ದವು. ಒಂದು ವಾರ ಕಳೆದು ಇನ್ನೂ ಮೂರು ನಾಲ್ಕು ದಿನವಾಗಿರಬೇಕು. ಒಂದು ಬೆಳಿಗ್ಗೆ ಅವ್ವ ಕೊಟ್ಟ ಕಾಫಿ ಹಿಡಿದು ಅಟ್ಟ ಹತ್ತಿದಾಗ ಚಿಕ್ಕಪ್ಪ ಇರಲಿಲ್ಲ. ಹಿತ್ತಿಲ ಬಾವಿಯಲ್ಲಿ ಗಡಗಡೆಯ ಸದ್ದಾಗುತ್ತಿತ್ತು, ಮುಖ ತೊಳೆಯಲು ಹೋಗಿದ್ದ. ಕಿಟಕಿಯಲ್ಲಿ ಹೊಟ್ಟಿನ ಚೀಲದ ಮೇಲೆ ಕೋವಿ ಹಾಗೇ ಒರಗಿತ್ತು. ಅದರ ಹಿಂದೆ ಅವನು ಕೂರುವ ಗೋಣಿಯಲ್ಲಿ ಮೈಯ ಅಚ್ಚು ಬಿದ್ದಿತ್ತು. ಲೋಟ ಕೆಳಗಿಟ್ಟೆ. ಅಚ್ಚಿನಲ್ಲಿ ಕೂತು, ಕೋವಿಯನ್ನು ಅಲುಗಿಸದೆ, ದುರ್ಬೀನಿಗೆ ಕಣ್ಣಿಟ್ಟೆ.

ಮೊದಲು ಬರೀ ಬೆಳಕು. ಆಮೇಲೆ ದುಂಡನೆಯ ಬೆಳಕಿನೊಳಗೆ ಅಪ್ಪನ ಬಲಭುಜ, ಬಲಗಿವಿ, ಅದರಾಚೆ ಮೂಲೆಗಂಬದ ಮೊಳೆಗೆ ತೂಗುಹಾಕಿದ ಕನ್ನಡಿ. ಎರಡು ಕಪ್ಪು ಎಳೆ ಒಂದನ್ನೊಂದು ಹಾಯುವ ಜಾಗ ಸರಿಯಾಗಿ ಕನ್ನಡಿಯಲ್ಲಿತ್ತು. ಕನ್ನಡಿಯಲ್ಲಿ ಅಪ್ಪನ ಮುಖವಿತ್ತು. ನಾನು ಸುಣ್ಣದ ಬೊಟ್ಟು ಇಟ್ಟ ಜಾಗ ಅದೇ, ಮೊಳೆಯಿಂದ ಒಂದು ಗೇಣು ಕೆಳಕ್ಕೆ, ಈಗ ಅಲ್ಲಿ ಅಪ್ಪನ ಎರಡು ಕಣ್ಣು. ಕೆನ್ನೆಗೆ ಸೋಪಿನ ನೊರೆ, ಕೈಯಲ್ಲಿ ರೇಜರು. ಅಪ್ಪ ಕ್ಷೌರ ಮಾಡಿಕೊಳ್ಳುತ್ತಿರಲಿಲ್ಲ. ಕನ್ನಡಿಯೊಳಗಿಂದ ನೆಟ್ಟಗೆ ನನ್ನನ್ನೇ ನೋಡುತ್ತಿದ್ದ.

ಅಷ್ಟು ದೂರದಿಂದ, ಕಿಟಕಿಯ ಕತ್ತಲಲ್ಲಿ, ಕೋವಿಯ ಹಿಂದೆ ಯಾರಿದ್ದಾರೆಂದು ಅವನಿಗೆ ಕಂಡಿರಲಾರದು. ಕೊಳವೆಯ ಬಾಯಿ ಮಾತ್ರ ಕಂಡಿರಬೇಕು. ನನಗೋ ಅವನ ರೆಪ್ಪೆಯ ಕೂದಲು ಕೂಡ ಕಾಣುತ್ತಿತ್ತು. ಅಪ್ಪ ನಿಧಾನವಾಗಿ ರೇಜರನ್ನು ಬಟ್ಟಲಿನ ಪಕ್ಕಕ್ಕಿಟ್ಟ. ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮಕ್ಕಳು ಮುಚ್ಚುವ ಹಾಗೆ ಬಿಗಿಯಾಗಿ ಅಲ್ಲ, ಪ್ರಾರ್ಥನೆಗೆ ಮುಚ್ಚುವ ಹಾಗೆ ಮೆತ್ತಗೆ. ಎಷ್ಟು ಹೊತ್ತು ಹಾಗಿದ್ದನೋ. ಮತ್ತೆ ಕಣ್ಣು ತೆರೆದು, ಒಂದು ಉಸಿರು ಬಿಟ್ಟು, ರೇಜರು ಕೈಗೆತ್ತಿಕೊಂಡ. ಆಗ ನನಗೆ ಅರ್ಥವಾಯಿತು. ಇದು ಇವತ್ತಿನದಲ್ಲ, ದಿನವೂ ಹೀಗೇ ನಡೆಯುತ್ತಿದೆ. ದಿನವೂ ಚಿಕ್ಕಪ್ಪ ಇಲ್ಲಿ ಕೂರುತ್ತಾನೆ, ದಿನವೂ ಅಪ್ಪ ಅಲ್ಲಿ ಕಾಯುತ್ತಾನೆ. ಆ ಗುರಿಯನ್ನು ಕೂಡಿಸಿಕೊಟ್ಟವಳು ನಾನು.

ಯಾರಿಗೆ ಹೇಳಬೇಕು? ಅವ್ವನಿಗೆ ಹೇಳಿದರೆ ಮನೆ ಎರಡಾಗುತ್ತದೆ. ಅಜ್ಜಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ. ಚಿಕ್ಕಪ್ಪನನ್ನು ಕೇಳಿದರೆ, ಅವನ ಪಕ್ಕದ ಕತ್ತಲಲ್ಲಿ ಕೂತು ಅವನಿಗೆ ಉತ್ತರ ಕೊಡುತ್ತಿದ್ದಾಳಲ್ಲ ಆ ಸತ್ತ ಸುಶೀಲ, ಅವಳು ಏನು ಮಾಡುತ್ತಾಳೋ. ಕಿಟಕಿಯ ಕಟ್ಟೆಯ ಮೇಲೆ ಆ ನಯಾಪೈಸೆ ಇತ್ತು. ಪಕ್ಕದ ಮುಚ್ಚಳ ಬಿಚ್ಚಿ, ಪೈಸೆಯ ಅಂಚು ಸಿಕ್ಕಿಸಿ, ತಿರುಪನ್ನು ಎರಡು ಪೂರ್ತಿ ಸುತ್ತು ತಿರುಗಿಸಿದೆ. ಎತ್ತ ತಿರುಗಿಸಿದೆನೆಂದು ನೋಡಲಿಲ್ಲ. ಗುಂಡು ಅಪ್ಪನಿಗೆ ತಗುಲಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮುಚ್ಚಳ ಹಾಕಿ ಬೆರಳಿನ ಗುರುತನ್ನು ಲಂಗದಲ್ಲಿ ಒರೆಸುವಾಗ ಕಾಯಿರಾಶಿ ಲೊಟಲೊಟ ಎಂದಿತು. ತಿರುಗಿ ನೋಡದೆ ಏಣಿ ಇಳಿದುಬಿಟ್ಟೆ.

ಆ ದಿನ ಸ್ಕೂಲಿನಲ್ಲಿ ಏನು ಪಾಠವಾಯಿತೋ ನೆನಪಿಲ್ಲ. ಮರುದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತ ಅವ್ವನ ಮುಂದೆ ಕೂತಿದ್ದೆ. ಅಪ್ಪ ಕನ್ನಡಿ ತೂಗುಹಾಕಿದ. ಸೋಪು ಕಲಸಿದ. ನಾನು ಕಿಟಕಿಯ ಕಡೆ ನೋಡಲಿಲ್ಲ. ಒದ್ದೆ ಬಟ್ಟೆ ಬಡಿದ ಸದ್ದು ಕೇಳಿಸಿತು. ಅಪ್ಪನ ತಲೆ ಒಂದು ಬದಿಗೆ ಜರ್ಕು ಹೊಡೆದಂತಾಯಿತು. ಕನ್ನಡಿ ಹಾಗೇ ತೂಗುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಅಪ್ಪ ಬಲಗಿವಿಗೆ ಕೈ ಇಟ್ಟುಕೊಂಡ. ಬೆರಳ ಸಂದಿಯಿಂದ ಇಳಿದ ರಕ್ತ ಕೆನ್ನೆಯ ನೊರೆಗೆ ಸೇರಿ ಗುಲಾಬಿ ಬಣ್ಣವಾಯಿತು. ಕಿವಿಯ ಅಂಚನ್ನು ಉಗುರಿನಷ್ಟು ಹರಿದುಕೊಂಡು ಹೋದ ಗುಂಡು ಕಂಬದ ಮೂಲೆಯನ್ನು ಕಚ್ಚಿ ಕೂತಿತ್ತು.

ಅವ್ವ ಚೀರಿದಳು. ಅಪ್ಪ ಎದ್ದು ನಿಂತು ಕಿಟಕಿಯ ಕಡೆ ತಿರುಗಿದ. ಆರೇಳು ತಿಂಗಳಿಗೆ ಮೊದಲ ಬಾರಿ ತಮ್ಮನನ್ನು ಹೆಸರು ಹಿಡಿದು ಕರೆದ.

"ಚಂದ್ರ."

ಅಟ್ಟದ ಕಿಟಕಿಯಲ್ಲಿ ಹೊಟ್ಟಿನ ಚೀಲವೊಂದೇ ಕಾಣುತ್ತಿತ್ತು.

"ಚಂದ್ರ, ಇಳ್ದು ಬಾಪ್ಪ. ಏನೂ ಆಗಿಲ್ಲ, ಇಳ್ದು ಬಾ."

ಚಿಕ್ಕಪ್ಪ ಏಣಿ ಇಳಿದನೋ ಬಿದ್ದನೋ ತಿಳಿಯಲಿಲ್ಲ. ಅಪ್ಪನ ಕಾಲ ಹತ್ತಿರ ಕುಸಿದು, ಕಿವಿಯನ್ನು ಮುಟ್ಟಲು ಕೈ ಎತ್ತಿ, ಮುಟ್ಟಲಾರದೆ ಹಿಂದಕ್ಕೆಳೆದುಕೊಂಡ.

"ಕನ್ನಡಿಗೆ ಇಟ್ಟಿದ್ದೆ ಅಣ್ಣ. ದೇವ್ರಾಣೆಗೂ ಕನ್ನಡಿಗೇ ಇಟ್ಟಿದ್ದೆ. ದಿನಾ ಬೆಳಗೆದ್ದು ನಿನ್ ಮುಖ ನೀನು ನೋಡ್ಕಂಡು ನೆಮ್ಮದಿಯಾಗಿ ಕೂತಿರ್ತಿದ್ದೆ, ಅದ ಒಡುದಾಕ್ಬೇಕು ಅಂತಿದ್ದೆ. ಆಟೇಯ. ಗುರಿ ಸರಿಯಾಗಿತ್ತು. ಮೂರು ಗುಂಡು ಒಂದೇ ತೂತಿಗೆ ಬಿದ್ದಿದ್ವು, ಜಯಿನ ಕೇಳು ಬೇಕಾರೆ. ತಪ್ಪಾಕೆ ಸಾಧ್ಯಾನೇ ಇಲ್ಲ."

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ಅವಳ ಕಡೆ ನೋಡಿ ದನಿ ತಗ್ಗಿಸಿದ.

"ಅವಳು ಕೈ ತಳ್ಳಿದ್ಲು ಕಣವ್ವ. ನನ್ ಪಕ್ಕದಲ್ಲೇ ಕೂತಿದ್ಲು. ನಾನು ಕನ್ನಡಿ ಸಾಕು ಅಂತಿದ್ದೆ. ಅವಳಿಗೆ ಸಾಕಾಗ್ಲಿಲ್ಲ."

ನನ್ನ ಜಡೆ ಅರ್ಧಕ್ಕೇ ನಿಂತಿತ್ತು, ಮೂರು ಕಾಲು ಬೇರೆಬೇರೆಯಾಗಿ ಬೆನ್ನ ಮೇಲೆ ಹರಡಿತ್ತು. ನಾನು ತಿರುಪು ತಿರುಗಿಸದೆ ಇದ್ದಿದ್ದರೆ ಒಂದು ಕನ್ನಡಿ ಒಡೆಯುತ್ತಿತ್ತು, ಅಷ್ಟರಲ್ಲೇ ಮುಗಿಯುತ್ತಿತ್ತು. ಅಪ್ಪನ ಕಿವಿ ಹರಿದದ್ದು ನನ್ನ ಎರಡು ಸುತ್ತಿನಿಂದ. ಇನ್ನರ್ಧ ಸುತ್ತು ಹೆಚ್ಚು ತಿರುಗಿಸಿದ್ದರೆ ಏನಾಗುತ್ತಿತ್ತೆಂದು ಆವತ್ತು ನಾನು ಯೋಚಿಸಲಿಲ್ಲ. ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ.

ಅವ್ವ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಕೇಳಿದವರಿಗೆಲ್ಲ ರೇಜರು ಜಾರಿತೆಂದು ಅಪ್ಪ ಹೇಳಿದ. ಅಜ್ಜಿ ಆ ದಿನವೇ ಮೊರದಲ್ಲಿ ಅಕ್ಕಿ, ಬಳೆ, ಕುಂಕುಮ, ಒಂದು ರವಿಕೆ ಕಣ, ಒಂದು ತೆಂಗಿನಕಾಯಿ ಇಟ್ಟು ಸೆರಗಿನಲ್ಲಿ ಮುಚ್ಚಿಕೊಂಡು, ಚಿಕ್ಕಪ್ಪನನ್ನು ಕೈಹಿಡಿದು ಎಬ್ಬಿಸಿ, ಹೊಳೆನರಸೀಪುರದ ಬಸ್ಸು ಹತ್ತಿಸಿದಳು. ಹೇಮಾವತಿಯಲ್ಲಿ ಬಾಗಿನ ಬಿಟ್ಟು, ಸುಶೀಲ ಸತ್ತ ಊರಿನ ಕಡೆ ತಿರುಗಿ ಕೈಮುಗಿಸಿ ಕರೆದುಕೊಂಡು ಬರುವುದೆಂದು. ಅವರು ಹೋದಮೇಲೆ ಅಪ್ಪ ಸ್ಕೂಲಿಗೆ ರಜೆ ಹಾಕಿ ಪಡಸಾಲೆಯಲ್ಲಿ ಮಲಗಿದ್ದ. ನಾನು ಅವನ ಹಾಸಿಗೆಯ ಅಂಚಿನಲ್ಲಿ ಕೂತು, ಬಿಕ್ಕುತ್ತ, ಎಲ್ಲವನ್ನೂ ಹೇಳಿಬಿಟ್ಟೆ. ಸುಣ್ಣದ ಬೊಟ್ಟು, ಮೂರು ಮಧ್ಯಾಹ್ನ, ದುರ್ಬೀನಿನಲ್ಲಿ ಕಂಡ ಅವನ ಕಣ್ಣು, ನಯಾಪೈಸೆ, ಎರಡು ಸುತ್ತು.

ಅಪ್ಪ ಎದ್ದು ಕೂತು ನನ್ನ ಕಡೆ ತಿರುಗಿದ.

"ಹಂಗಾರೆ ನಿನ್ನೆ ಬೆಳಿಗ್ಗೆ ಅಲ್ಲಿದ್ದೋಳು ನೀನಾ?"

"ಊಂ."

"ನಾನು ಕಣ್ಮುಚ್ಚಿದ್ದು ನೋಡ್ದಾ?"

"ಊಂ. ಯಾಕಪ್ಪ ಎದ್ದೋಗ್ಲಿಲ್ಲ? ಬೇರೆ ಕಂಬದತ್ರ ಕೂತ್ಕಬೋದಿತ್ತಲ್ಲ?"

"ಎದ್ದೋದ್ರೆ ಅವನಿಗೆ ಹೆದರಿಕಂಡಂಗೆ ಆಯ್ತದೆ. ತಮ್ಮಂಗೆ ಹೆದರಿಕಂಡು ಒಂದೇ ಮನೇಲಿ ಇರಾಕಾಯ್ತದಾ? ಹೋಟ್ಲಲ್ಲಿ ಯಾರೋ ಅಂದಿದ್ದ ಕೇಳಿ ಒಂದು ಕಾರ್ಡು ಬರುದ್ಬುಟ್ಟೆ. ಮಲ್ಲಿಪಟ್ಟಣಕ್ಕೆ ಹೋಗಿ ವಿಚಾರ್ಸಾಕೆ ಒಂದು ದಿನ ಸಾಕಿತ್ತು. ನಾನು ಹೋಗ್ಲಿಲ್ಲ."

ಆಮೇಲೆ ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ಅಪ್ಪ ಹೇಳಿದ ಮಾತು ಇದು.

"ಇದ ಅವನಿಗೆ ಯೋಳ್ಬ್ಯಾಡ ಮಗ. ಅಣ್ಣಂಗೆ ಹೊಡುದ್ಬುಟ್ಟೆ ಅಂತ ಹೆದರಿಕಂಡು ಅವನು ಕೆಳಗಿಳಿದವ್ನೆ. ಹೊಡೆದಿದ್ದು ಅವನಲ್ಲ ಅಂತ ಗೊತ್ತಾದ್ರೆ ಮತ್ತೆ ಮೇಲಕ್ಕೆ ಹೋಯ್ತಾನೆ. ಅಲ್ಲೇ ಕೂತು ಕೂತು ಒಂದಿನ ಸತ್ತೋಯ್ತಾನೆ. ಯಾವತ್ತೂ ಯೋಳ್ಬ್ಯಾಡ. ನಾನು ಸತ್ಮೇಲೂವೆ."

ಯೋಳಲ್ಲ ಎಂದೆ. ಹೊತ್ತು ಮುಳುಗುವ ಮುಂಚೆ ಅಟ್ಟ ಹತ್ತಿ ಚಿಕ್ಕಪ್ಪನ ಚಾಪೆ, ಟ್ರಂಕು, ಕಂಬಳಿ ಎಲ್ಲವನ್ನೂ ನಾನೂ ಅವ್ವನೂ ಕೆಳಗಿನ ಕೋಣೆಗೆ ಸಾಗಿಸಿದೆವು. ಹೊಳೆಯಿಂದ ಬಂದ ಚಿಕ್ಕಪ್ಪ ಏಣಿಯ ಕಡೆ ತಿರುಗಿಯೂ ನೋಡದೆ ಅಪ್ಪನ ಪಕ್ಕ ಗೋಡೆಗೊರಗಿ ಕೂತ. ಅವ್ವ ಇಬ್ಬರಿಗೂ ತಟ್ಟೆ ಇಟ್ಟಳು. ಅಪ್ಪ ಮುದ್ದೆ ಮುರಿದು, "ಉಪ್ಪು ಸಾಲ್ದೇನೋ" ಎಂದ. "ಸರಿಯಾಗೈತೆ" ಎಂದ ಚಿಕ್ಕಪ್ಪ. ಅವ್ವ ಅಡಿಗೆಮನೆಗೆ ಹೋಗಿ ಅತ್ತಳು. ಕೋವಿಯನ್ನೂ ದುರ್ಬೀನನ್ನೂ ಚಿಕ್ಕಪ್ಪ ಮರುದಿನ ತಾನೇ ಕೊಂಡೊಯ್ದು ತೋಟದ ಹಾಳುಬಾವಿಗೆ ಹಾಕಿ ಬಂದ.

ಆಮೇಲೆ ಅವನು ಎಂದೂ ಅಟ್ಟ ಹತ್ತಲಿಲ್ಲ. ಮದುವೆಯೂ ಆಗಲಿಲ್ಲ. ತೋಟ ನೋಡಿಕೊಂಡು, ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು, ನಮ್ಮೊಡನೆಯೇ ಇದ್ದ. ಕಾಯಿ ತಿರುವಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕೂಲಿಯವರು ಕೂಡ ಒಬ್ಬೊಬ್ಬರೇ ಅಲ್ಲಿಗೆ ಹೋಗಲು ಅಂಜುತ್ತಿದ್ದರು. ಅಲ್ಲಿ ಒಬ್ಬಳಿದ್ದಾಳೆಂದು ಬೀದಿಯಲ್ಲೆಲ್ಲ ಮಾತಾಗಿತ್ತು. ನಾನು ಒಬ್ಬಳೇ ಹೋಗುತ್ತಿದ್ದೆ. ಜನ ಹೆದರುತ್ತಿದ್ದದ್ದು ನನ್ನ ಎರಡು ಸುತ್ತಿಗೆಂದು ನನಗೆ ಗೊತ್ತಿತ್ತು. ಆದರೂ, ಯಾವ ಇಲಿಯೂ ಕಾಣದಿದ್ದಾಗ ಮೂಲೆಯ ಕಾಯೊಂದು ಲೊಟಕ್ ಎಂದರೆ, ನನ್ನ ಕೈ ತಾನಾಗಿಯೇ ನಿಲ್ಲುತ್ತಿತ್ತು. ಅಂದು ಪೈಸೆಯ ಅಂಚನ್ನು ಆ ಗೀರಿಗೆ ಇಟ್ಟವಳು ಪೂರ್ತಿ ನಾನೇ ಹೌದೇ ಎಂದು ಒಂದು ಕ್ಷಣ ಅನುಮಾನವಾಗುತ್ತಿತ್ತು.

ನಾನು ಬೆಳೆದು, ಟೀಚರಾಗಿ, ಹಾಸನದಲ್ಲಿ ಮನೆ ಮಾಡಿದೆ. ಅಪ್ಪ ಹೋದ, ಅವ್ವ ಹೋದಳು. ಕೊನೆಯ ದಿನಗಳಲ್ಲಿ ಚಿಕ್ಕಪ್ಪ ನನ್ನ ಮನೆಯಲ್ಲಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡ.

"ಜಯಿ, ಅವತ್ತು ಮನೇಲಿ ನೀನೂ ಇದ್ದೆ. ನಿಜ ಯೋಳು. ಅವಳು ಬಂದಿದ್ಲಾ? ಇಲ್ಲಾ ನಾನೇ ಅಣ್ಣಂಗೆ ಗುರಿ ಇಟ್ಟಿದ್ನಾ?"

ಅಪ್ಪನಿಗೆ ಕೊಟ್ಟ ಮಾತು ನೆನಪಾಯಿತು. ಹೇಳಿಬಿಡಬಹುದಿತ್ತು. ಅವನು ಮತ್ತೆ ಅಟ್ಟಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅವನ ಕಣ್ಣು ನೋಡಿದೆ. ಅವಳು ಬಂದಿದ್ದಳೆಂಬ ಒಂದು ಮಾತಿನ ಮೇಲೆ ಆ ಮನುಷ್ಯ ಇಷ್ಟು ವರ್ಷ ಬದುಕಿದ್ದ.

"ಬಂದಿದ್ಲು ಚಿಕ್ಕಪ್ಪ."

"ನೀನು ನೋಡ್ದಾ?"

"ನೋಡ್ದೆ. ಕಿಟಕೀಲಿ."

ಅವನ ಹಿಡಿತ ಸಡಿಲವಾಯಿತು. ಆಮೇಲೆ ಕೇಳಿದ.

"ಯಾವ ಸೀರೆ ಉಟ್ಟಿದ್ಲು?"

ನಾನು ಆ ಹೆಣ್ಣುಮಗಳನ್ನು ಎಂದೂ ಕಂಡವಳಲ್ಲ. ಅವಳ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿರಲಿಲ್ಲ.

"ಹಸಿರು" ಎಂದೆ.

ಚಿಕ್ಕಪ್ಪ ನನ್ನ ಮುಖವನ್ನೇ ನೋಡುತ್ತಿದ್ದು, "ಹೂಂ, ಹಸಿರೇ" ಎಂದು ಗೋಡೆಯ ಕಡೆ ಮಗ್ಗುಲಾದ.